ಚಳಿಯ ಕಾವಲು ಸಡಿಲಾದರೆ: ಕೊಪ್ಪಳದ ಕೋಸಿನ ಕೀಡಿ ದಕ್ಷಿಣ ಸಾಗರದ ದ್ವೀಪಕ್ಕೂ ಹೊಂದಿಕೊಂಡದ್ದು ಹೇಗೆ?

ಕೊಪ್ಪಳ, ಬಳ್ಳಾರಿ ಕಡೆ ಎಲೆಕೋಸು, ಹೂಕೋಸು ಬೆಳೆಯುವವರಿಗೆ ವಜ್ರಬೆನ್ನಿನ ಪತಂಗವನ್ನು ಪರಿಚಯಿಸಬೇಕಾಗಿಲ್ಲ. ಮುಟ್ಟಿದರೆ ಸಾಕು, ಮೈ ಕೊಡವಿ ನೂಲು ಬಿಟ್ಟುಕೊಂಡು ಎಲೆಯಿಂದ ಜೋತುಬೀಳುವ ತೆಳು ಹಸಿರು ಕೀಡಿ ಇದರದೇ ಮರಿ. ಎಳೆಯದಿದ್ದಾಗ ಎಲೆಯ ತಿರುಳನ್ನಷ್ಟೇ ಕೆರೆದು ತಿಂದು ಮೇಲಿನ ಪೊರೆ ಬಿಡುತ್ತದೆ, ಬಲಿತ ಮೇಲೆ ಎಲೆಯನ್ನೇ ಜರಡಿ ಮಾಡುತ್ತದೆ. ಈ ಪತಂಗವೇ 1986ರಲ್ಲಿ ಮರಿಯನ್ ಎಂಬ ದ್ವೀಪದಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕಾಕ್ಕೆ ಸೇರಿದ ಈ ದ್ವೀಪ ಇರುವುದು ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, 47 ಡಿಗ್ರಿ ದಕ್ಷಿಣ ಅಕ್ಷಾಂಶದ ಹತ್ತಿರ. ವರ್ಷದ ಸರಾಸರಿ ಉಷ್ಣಾಂಶ 6 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮರಗಳಿಲ್ಲ, ಹೊಲಗಳಿಲ್ಲ, ಸಂಶೋಧಕರ ಒಂದು ಠಾಣೆ ಬಿಟ್ಟರೆ ಮನುಷ್ಯರಿಲ್ಲ. ಕೀಡಿಗೆ ಅಲ್ಲಿ ಊಟ ಮಾತ್ರ ಇತ್ತು: ಕರ್ಗೆಲೆನ್ ಕೋಸು ಎಂದು ಕರೆಯುವ, ನಮ್ಮ ಎಲೆಕೋಸಿನ ಕುಟುಂಬದ್ದೇ ಆದ ಕಾಡುಗಿಡ.

ಹೊರಗಿನ ಕೀಟ ಒಂದು ಜಾಗದಲ್ಲಿ ನೆಲೆಯೂರಬೇಕಾದರೆ ಮೊದಲು ಅಲ್ಲಿಗೆ ಬಂದು ಮುಟ್ಟಬೇಕು, ಆಮೇಲೆ ಚಳಿಗಾಲ ದಾಟಬೇಕು, ಕೊನೆಗೆ ಸಿಕ್ಕಷ್ಟು ಬೇಸಿಗೆಯಲ್ಲಿ ಮೊಟ್ಟೆಯಿಂದ ಮೊಟ್ಟೆಗೆ ಒಂದು ಸುತ್ತು ಮುಗಿಸಬೇಕು. ಬಂದು ಮುಟ್ಟುವುದು ಹೊಸದೇನಲ್ಲ. ಸೀಲ್ ಬೇಟೆಗಾರರ, ತಿಮಿಂಗಿಲ ಬೇಟೆಗಾರರ ಹಡಗುಗಳು ಇನ್ನೂರು ವರ್ಷಗಳಿಂದ ದಕ್ಷಿಣ ಸಾಗರದ ಇಂಥ ದ್ವೀಪಗಳಿಗೆ ಇಲಿ, ಹುಳ, ಬೀಜ ಎಲ್ಲವನ್ನೂ ಸುರಿದಿವೆ. ಹಗುರ ಪತಂಗಗಳನ್ನು ಗಾಳಿಯೂ ಸಾಗರ ದಾಟಿಸುತ್ತದೆ. ಬಂದವುಗಳಲ್ಲಿ ಬಹುಪಾಲು ಅಲ್ಲೇ ಸತ್ತವು, ಯಾಕೆಂದರೆ ಉಳಿದೆರಡು ಬಾಗಿಲನ್ನು ಚಳಿ ಕಾಯುತ್ತಿತ್ತು. ಹವಾಮಾನ ಬದಲಾವಣೆ ಸಡಿಲಿಸುತ್ತಿರುವುದು ಈ ಕಾವಲನ್ನೇ.

ಒಂದು ಡಿಗ್ರಿಯ ಲೆಕ್ಕ

"ಬರೀ ಒಂದು ಡಿಗ್ರಿ ಹೆಚ್ಚಾದರೆ ಏನಾಗುತ್ತದೆ?" ಎಂಬ ಪ್ರಶ್ನೆ ರಾಯಚೂರಿನಲ್ಲಿ ಕೂತು ಕೇಳಿದಾಗ ಸಹಜವೆನಿಸುತ್ತದೆ. ಮೇ ತಿಂಗಳಲ್ಲಿ 42 ಇದ್ದದ್ದು 43 ಆದರೆ ಬೈಯುತ್ತೇವೆ, ನೀರು ಕುಡಿಯುತ್ತೇವೆ, ಅಷ್ಟೇ. ಕೀಟಕ್ಕೆ ಆ ಒಂದು ಡಿಗ್ರಿಯ ಬೆಲೆ ಎಲ್ಲ ಕಡೆ ಒಂದೇ ಅಲ್ಲ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು.

ಕೀಟದ ಮೈಗೆ ಸ್ವಂತ ಬಿಸಿ ಇಲ್ಲ. ಸುತ್ತಲಿನ ಬಿಸಿ ಎಷ್ಟೋ ಅದರ ಬೆಳವಣಿಗೆಯ ವೇಗ ಅಷ್ಟು. ಪ್ರತಿ ಜಾತಿಗೂ ಒಂದು ಕೆಳಮಿತಿ ಇರುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಬೆಳವಣಿಗೆ ನಿಂತುಹೋಗುತ್ತದೆ. ಆ ಮಿತಿಯ ಮೇಲೆ ದಿನಾ ಎಷ್ಟು ಡಿಗ್ರಿ ಸಿಕ್ಕಿತೋ ಅದನ್ನು ಕೂಡುತ್ತ ಹೋದರೆ ಬರುವ ಮೊತ್ತಕ್ಕೆ ಡಿಗ್ರಿ-ದಿನ ಎನ್ನುತ್ತಾರೆ. ಮೊಟ್ಟೆಯಿಂದ ಪ್ರೌಢ ಕೀಟವಾಗಲು ಇಂತಿಷ್ಟು ಡಿಗ್ರಿ-ದಿನ ಬೇಕೇಬೇಕು. ವಜ್ರಬೆನ್ನಿನ ಪತಂಗಕ್ಕೆ ಕೆಳಮಿತಿ ಸುಮಾರು 7 ಡಿಗ್ರಿ, ಬೇಕಾದ ಒಟ್ಟು ಸುಮಾರು 280 ಡಿಗ್ರಿ-ದಿನ. ದಿನದ ಗರಿಷ್ಠ, ಕನಿಷ್ಠ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ, ಬಂದ ಸರಾಸರಿಯಿಂದ 7 ಕಳೆದರೆ ಉಳಿಯುವುದು ಅಂದಿನ ಜಮೆ. ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ ಎಂದೇ ಬರೆದುಕೊಳ್ಳಬೇಕು. ಹುಳ ಹಿಂದಕ್ಕೆ ಬೆಳೆಯುವುದಿಲ್ಲ.

ರಾಯಚೂರು ಸೀಮೆಯ ಡಿಸೆಂಬರಿನ ಒಂದು ದಿನ ಗರಿಷ್ಠ 30, ಕನಿಷ್ಠ 18 ಇದೆ ಎಂದುಕೊಳ್ಳಿ. ಸರಾಸರಿ 24, ಜಮೆ 17. ಇಂಥವೇ ದಿನಗಳು ಸಾಲಾಗಿ ಬಂದರೆ 280 ತುಂಬಲು ಹದಿನಾರೂವರೆ ದಿನ ಸಾಕು. ಸರಾಸರಿ 25ಕ್ಕೆ ಏರಿದರೆ ಹದಿನೈದೂವರೆ ದಿನ. ಒಂದು ಡಿಗ್ರಿ ಹೆಚ್ಚಾದದ್ದಕ್ಕೆ ಹುಳಕ್ಕೆ ಆದ ಉಳಿತಾಯ ಒಂದೇ ದಿನ.

ಈಗ ಸರಾಸರಿ 8 ಡಿಗ್ರಿ ಇರುವ ಜಾಗಕ್ಕೆ ಬನ್ನಿ. ದಿನದ ಜಮೆ ಒಂದೇ ಒಂದು ಡಿಗ್ರಿ. 280 ತುಂಬಲು 280 ದಿನ ಬೇಕು, ಅಷ್ಟರೊಳಗೆ ಬೇಸಿಗೆ ಮುಗಿದು ಚಳಿಗಾಲ ಬಂದಿರುತ್ತದೆ. ಅದೇ ಜಾಗ 9 ಡಿಗ್ರಿ ಆದರೆ ಜಮೆ ದುಪ್ಪಟ್ಟಾಗಿ 140 ದಿನಕ್ಕೇ ಕೆಲಸ ಮುಗಿಯುತ್ತದೆ. 10 ಆದರೆ 93 ದಿನ. ನಮ್ಮಲ್ಲಿ ಒಂದು ದಿನ ಉಳಿಸಿದ ಒಂದು ಡಿಗ್ರಿ ಅಲ್ಲಿ ನೂರ ನಲವತ್ತು ದಿನ ಉಳಿಸಿತು. ಕೆಳಮಿತಿಗೆ ತಾಗಿಕೊಂಡು ಬದುಕುವ ಜೀವಿಗೆ ಸಣ್ಣ ಏರಿಕೆಯೂ ಪೀಳಿಗೆ ಮುಗಿಯದಿದ್ದಲ್ಲಿ ಮುಗಿಯುವಂತೆ ಮಾಡುತ್ತದೆ. ಮರಿಯನ್ ದ್ವೀಪ 1950ರ ದಶಕದಿಂದ ಶತಮಾನದ ಕೊನೆಯವರೆಗೆ ಒಂದು ಡಿಗ್ರಿಗೂ ಮಿಕ್ಕಿ ಬೆಚ್ಚಗಾಗಿದೆ ಎಂಬುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ಓದಿಕೊಳ್ಳಬೇಕು.

ಈ ಲೆಕ್ಕ ತಪ್ಪುವ ಜಾಗಗಳೂ ಇವೆ. ಹವಾಮಾನ ಠಾಣೆ ಅಳೆಯುವುದು ನೆರಳಿನ ಪೆಟ್ಟಿಗೆಯೊಳಗಿನ ಗಾಳಿಯನ್ನು. ಹುಳ ಇರುವುದು ಪಾಚಿಯ ನಡುವೆ, ಕಲ್ಲಿನ ಬುಡದಲ್ಲಿ, ಎಲೆಯ ಅಡಿಯಲ್ಲಿ. ಬಿಸಿಲು ಬಿದ್ದ ಪಾಚಿಹಾಸು ಗಾಳಿಗಿಂತ ಹತ್ತಾರು ಡಿಗ್ರಿ ಬೆಚ್ಚಗಿರಬಹುದು. ಹಾಗಾಗಿ ಗಾಳಿಯ ಸರಾಸರಿಯನ್ನಷ್ಟೇ ನೋಡಿ "ಇಲ್ಲಿ ಬದುಕಲಾರದು" ಎಂದು ತೀರ್ಪು ಕೊಟ್ಟರೆ ಮೋಸ ಹೋಗುತ್ತೇವೆ. ಇನ್ನೊಂದು ತಪ್ಪು ಮೇಲ್ಮಿತಿಯನ್ನು ಮರೆಯುವುದು. ಸ್ಥಿರ ಉಷ್ಣಾಂಶದಲ್ಲಿ ಸಾಕಿದಾಗ ಈ ಪತಂಗ ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗೆ ಬೆಳೆಯುವುದು ಸುಮಾರು 8ರಿಂದ 32 ಡಿಗ್ರಿ ನಡುವೆ ಮಾತ್ರ. ನಮ್ಮ ಏಪ್ರಿಲ್–ಮೇ ತಿಂಗಳು ಈ ಗೆರೆಯ ಆಚೆ ಹೋಗುತ್ತದೆ. ಅಲ್ಲಿ ಇನ್ನೊಂದು ಡಿಗ್ರಿ ಹೆಚ್ಚಾದರೆ ಹುಳಕ್ಕೆ ನಷ್ಟವೇ ಹೊರತು ಲಾಭವಿಲ್ಲ. ರಾಯಚೂರಿನ ಬಿಸಿಲು ಬೆಳೆಗಾರನಿಗೆ ಮಾಡುವ ಉಪಕಾರ ಇಷ್ಟೇ ಇರಬೇಕು! ಬೆಚ್ಚಗಾಗುವುದರಿಂದ ಎಲ್ಲ ಕಡೆಯೂ ಎಲ್ಲ ಕೀಟಗಳೂ ಹೆಚ್ಚುತ್ತವೆ ಎಂಬ ಮಾತು ಸರಿಯಲ್ಲ. ಮಿತಿಯ ಯಾವ ಬದಿಯಲ್ಲಿ ಕೂತಿದ್ದೇವೆ ಎಂಬುದು ಮುಖ್ಯ.

ಚಳಿ ಎಷ್ಟು ಗಟ್ಟಿ ಕಾವಲುಗಾರ ಎಂಬುದಕ್ಕೆ ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಸಾಕ್ಷಿ. 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಂಡ ಈ ಹುಳು ಬಹುಬೇಗ ನಮ್ಮ ಜಿಲ್ಲೆಗಳಿಗೂ ಬಂತು. ಇದಕ್ಕೆ ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲಿಸಿ ಮಲಗಿಬಿಡುವ ಗುಣ ಇಲ್ಲ. ಅದರ ತವರಾದ ಅಮೆರಿಕ ಖಂಡದಲ್ಲೇ, ಅಮೆರಿಕ ದೇಶದ ಬಹುಭಾಗದಲ್ಲಿ ಹಿಮ ಬಿದ್ದ ಕೂಡಲೇ ಸಾಯುತ್ತದೆ. ಉಳಿಯುವುದು ಫ್ಲೋರಿಡಾ, ಟೆಕ್ಸಾಸ್‌ಗಳ ದಕ್ಷಿಣ ತುದಿಯಲ್ಲಿ ಮಾತ್ರ. ಅಲ್ಲಿಂದ ಪ್ರತಿ ವರ್ಷ ಹೊಸದಾಗಿ ಉತ್ತರಕ್ಕೆ ಹಾರಬೇಕು. ಕೆಳಮಿತಿ ಸುಮಾರು 12, ಬೇಕಾದದ್ದು ಸುಮಾರು 390 ಡಿಗ್ರಿ-ದಿನ ಎಂದು ಹಿಡಿದರೆ, ಸರಾಸರಿ 27 ಡಿಗ್ರಿಯ ಕೊಪ್ಪಳದ ಮುಂಗಾರಿನಲ್ಲಿ 26 ದಿನಕ್ಕೊಂದು ಪೀಳಿಗೆ. ಹಿಮದ ಕಾವಲು ನಮಗೆ ಎಂದೂ ಇರಲಿಲ್ಲ. 2021ರಲ್ಲಿ ಬಳ್ಳಾರಿ, ರಾಯಚೂರಿನ ಮೆಣಸಿನಕಾಯಿ ಹೂವಿಗೆ ಮುತ್ತಿದ ಕಪ್ಪು ಥ್ರಿಪ್ಸ್‌ಗೂ ಬಾಗಿಲು ಹಾಕುವವರು ಯಾರೂ ಇರಲಿಲ್ಲ.

ಚಳಿಗಾಲ ಬೆಚ್ಚಗಾದರೆ ಯಾರಿಗೆ ಲಾಭ

ಹೆಪ್ಪುಗಟ್ಟುವ ಚಳಿಯನ್ನು ಕೀಟಗಳು ಎರಡು ಬಗೆಯಲ್ಲಿ ಎದುರಿಸುತ್ತವೆ. ಕೆಲವು ಮೈಯಲ್ಲಿ ಗ್ಲಿಸರಾಲ್‌ನಂಥ ವಸ್ತು ತುಂಬಿಕೊಂಡು, ಸೊನ್ನೆಯ ಕೆಳಗೂ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತವೆ. ಇನ್ನು ಕೆಲವು ಮೈಯೊಳಗೆ ಮಂಜುಗಡ್ಡೆ ಆದರೂ ಜೀವಕೋಶ ಒಡೆಯದಂತೆ ಹೊಂದಿಕೊಂಡಿವೆ. ಅಂಟಾರ್ಕ್ಟಿಕಾ ಖಂಡಕ್ಕಷ್ಟೇ ಸೀಮಿತವಾದ ಬೆಲ್ಜಿಕಾ ಅಂಟಾರ್ಕ್ಟಿಕಾ ಎಂಬ ರೆಕ್ಕೆಯಿಲ್ಲದ ಪುಟ್ಟ ನುಸಿ ಎರಡನೆಯ ಪಂಗಡದ್ದು. ಅದರ ಮರಿಗಳು ಹೆಪ್ಪುಗಟ್ಟಿಯೂ, ಮೈಯ ಬಹುಪಾಲು ನೀರು ಕಳೆದುಕೊಂಡೂ ಬದುಕುತ್ತವೆ. ಜೀವನಚಕ್ರಕ್ಕೆ ಎರಡು ವರ್ಷ ಬೇಕು.

ಹಾಗಾದರೆ ಚಳಿ ಕಡಿಮೆಯಾದರೆ ಬೆಲ್ಜಿಕಾಕ್ಕೂ ಸುಖವಾಗಬೇಕಲ್ಲ? ಹಾಗಾಗುವುದಿಲ್ಲ. ಚಳಿಗಾಲದಲ್ಲಿ ಮರಿ ಏನನ್ನೂ ತಿನ್ನುವುದಿಲ್ಲ; ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಂಡು ಮಲಗಿರುತ್ತದೆ. ಮೈ ಎಷ್ಟು ತಣ್ಣಗಿದ್ದರೆ ಖರ್ಚು ಅಷ್ಟು ಕಡಿಮೆ. ಚಳಿಗಾಲ ಬೆಚ್ಚಗಾದರೆ ದೇಹದ ಯಂತ್ರ ಸುಮ್ಮನೆ ಓಡುತ್ತ ದಾಸ್ತಾನು ಬೇಗ ಖಾಲಿಯಾಗುತ್ತದೆ. ಪ್ರಯೋಗಾಲಯದಲ್ಲಿ ಚಳಿಗಾಲವನ್ನು ಸ್ವಲ್ಪ ಬೆಚ್ಚಗೆ ಮಾಡಿದಾಗ ಬೆಲ್ಜಿಕಾ ಮರಿಗಳ ಉಳಿವು ಕುಸಿದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಹಿಮದ ಹೊದಿಕೆಯದೂ ಒಂದು ಪಾತ್ರವಿದೆ. ದಪ್ಪ ಹಿಮದ ಅಡಿಯಲ್ಲಿ ನೆಲದ ಉಷ್ಣಾಂಶ ಹೆಚ್ಚು ಏರಿಳಿಯುವುದಿಲ್ಲ; ಹಿಮ ತೆಳುವಾದರೆ ಹುಳ ಒಂದು ದಿನ ಕರಗಿ ಮರುದಿನ ಹೆಪ್ಪುಗಟ್ಟುವ ಹೊಡೆತಕ್ಕೆ ಸಿಗುತ್ತದೆ.

ಹೊರಗಿನಿಂದ ಬರುವ ಕೀಟಗಳ ಬಲ ಬೇರೆ. ಚಳಿ ತಾಳುವ ವಿದ್ಯೆ ಅವಕ್ಕೆ ಅಷ್ಟಾಗಿ ಗೊತ್ತಿಲ್ಲ, ಆದರೆ ಬಿಸಿ ಸಿಕ್ಕರೆ ಬೇಗ ಬೆಳೆದು ಬೇಗ ಮೊಟ್ಟೆಯಿಡುತ್ತವೆ. ಮರಿಯನ್ ದ್ವೀಪದ ಮಣ್ಣಿನಲ್ಲಿರುವ ಸ್ಪ್ರಿಂಗ್‌ಟೇಲ್ ಎಂಬ ಸಣ್ಣ ಜೀವಿಗಳ ಮೇಲೆ ನಡೆದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಇವು ಕೀಟಗಳ ಹತ್ತಿರದ ಬಂಧುಗಳು. ಕೆಲವು ದಿನ ಬೆಚ್ಚನೆಯ ಜಾಗದಲ್ಲಿಟ್ಟು ಆಮೇಲೆ ಒಣಹವೆಗೆ ಒಡ್ಡಿದಾಗ, ಹೊರಗಿನಿಂದ ಬಂದ ಜಾತಿಗಳು ಮೊದಲಿಗಿಂತ ಚೆನ್ನಾಗಿ ತಾಳಿದವು. ಸ್ಥಳೀಯ ಜಾತಿಗಳ ತಾಳಿಕೆ ಕುಗ್ಗಿತು. ಈ ದ್ವೀಪಗಳಲ್ಲಿ ಕೆಲವು ಬೆಚ್ಚಗಾಗುವುದರ ಜೊತೆಗೆ ಒಣಗುತ್ತಲೂ ಇವೆ ಎಂಬುದನ್ನು ಸೇರಿಸಿಕೊಂಡರೆ ಪಂದ್ಯ ಎತ್ತ ವಾಲುತ್ತಿದೆ ಎಂದು ಊಹಿಸಬಹುದು.

ಕರ್ಗೆಲೆನ್: ಮೇವಿನೊಳಗೆ ಬಂದ ದುಂಬಿ

ರಾಯಚೂರಿನಿಂದ ದಕ್ಷಿಣಕ್ಕೆ ಗೆರೆ ಎಳೆದು ಶ್ರೀಲಂಕಾದ ಪಶ್ಚಿಮಕ್ಕೆ ಸಾಗರಕ್ಕಿಳಿದು ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ಹೋದರೆ, ಸ್ವಲ್ಪ ಬಲಕ್ಕೆ ಸಿಗುವುದು ಫ್ರಾನ್ಸಿನ ಆಡಳಿತದ ಕರ್ಗೆಲೆನ್ ದ್ವೀಪಸಮೂಹ. 1772ರಲ್ಲಿ ಯೂರೋಪಿನವರ ಕಣ್ಣಿಗೆ ಬಿತ್ತು. ವರ್ಷದ ಸರಾಸರಿ ನಾಲ್ಕೂವರೆ ಡಿಗ್ರಿ ಆಸುಪಾಸು, ವರ್ಷವಿಡೀ ಬಿರುಗಾಳಿ. ಈ ಗಾಳಿಯಿಂದಲೇ ಅಲ್ಲಿನ ಹಲವು ನೊಣಗಳು ರೆಕ್ಕೆ ಕಳೆದುಕೊಂಡಿವೆ: ಹಾರಿದವು ಸಮುದ್ರ ಸೇರಿದರೆ ಉಳಿಯುವುದು ನಡೆಯುವವು. ರೆಕ್ಕೆ ಬೆಳೆಸುವ ಖರ್ಚೂ ಉಳಿಯಿತು. ಕರ್ಗೆಲೆನ್ ಕೋಸು ಕೂಡ ಹಾರುವ ಕೀಟಗಳನ್ನು ನಂಬದೆ ಗಾಳಿಯಿಂದ ಪರಾಗಸ್ಪರ್ಶ ಮಾಡಿಸಿಕೊಳ್ಳುತ್ತದೆ. ಅದರ ಬಂಧುಗಳಾದ ಸಾಸಿವೆ, ಮೂಲಂಗಿ ಇವತ್ತಿಗೂ ಜೇನ್ನೊಣದ ದಾರಿ ಕಾಯುತ್ತವೆ.

ಈ ರೆಕ್ಕೆಯಿಲ್ಲದ ನೊಣಗಳಲ್ಲಿ ಅನಾಟಲಾಂಟಾ ಆಪ್ಟೆರಾ ಎಂಬುದು ದ್ವೀಪದ ಜಾಡಮಾಲಿ. ಸತ್ತ ಪೆಂಗ್ವಿನ್, ಸೀಲ್‌ಗಳ ದೇಹವನ್ನೂ ದಡದಲ್ಲಿ ಕೊಳೆಯುವ ಪಾಚಿಯನ್ನೂ ಅದರ ಮರಿಗಳು ತಿಂದು ಮಣ್ಣಿಗೆ ಸೇರಿಸುತ್ತವೆ. ಅಟ್ಟಿಸಿಕೊಂಡು ಬಂದು ತಿನ್ನುವ ನೆಲದುಂಬಿ ಅಲ್ಲಿ ಇರಲೇ ಇಲ್ಲವಾದ್ದರಿಂದ ಓಡಿ ತಪ್ಪಿಸಿಕೊಳ್ಳುವ ಜಾಣತನ ಅದಕ್ಕೆ ಬೇಕಾಗಿರಲಿಲ್ಲ.

1913ರಲ್ಲಿ ಕರ್ಗೆಲೆನ್‌ನ ಪೋರ್ಟ್-ಕುವ್ರೂ ಎಂಬಲ್ಲಿ ಕುರಿ ಸಾಕುವ ಪ್ರಯತ್ನ ನಡೆಯಿತು. ದಕ್ಷಿಣ ಅಮೆರಿಕದ ಬಳಿಯ ಫಾಕ್‌ಲ್ಯಾಂಡ್ ದ್ವೀಪಗಳಿಂದ ಕುರಿಗಳೂ ಅವುಗಳ ಮೇವೂ ಬಂದವು. ಮೇವಿನೊಳಗೆ ಮೆರಿಝೋಡಸ್ ಸೊಲೆಡಾಡಿನಸ್ ಎಂಬ ಮಾಂಸಾಹಾರಿ ನೆಲದುಂಬಿ ಇತ್ತು. ಕುರಿ ಸಾಕಣೆ ಕೈಕೊಟ್ಟಿತು, ದುಂಬಿ ಉಳಿಯಿತು. ದಶಕಗಟ್ಟಲೆ ಇಳಿದ ಜಾಗದ ಸುತ್ತಮುತ್ತ ಬೂದಿ ಮುಚ್ಚಿದ ಕೆಂಡದಂತಿದ್ದು, 20ನೇ ಶತಮಾನದ ಕೊನೆಯ ದಶಕಗಳಲ್ಲಿ ದಡದುದ್ದಕ್ಕೂ ಹಬ್ಬಿತು. ಮೊದಲು ತೀರಕ್ಕೆ ಸೀಮಿತವಾಗಿದ್ದದ್ದು ಎತ್ತರದ ಕಡೆಗೂ ಸರಿಯಿತು. ಅದು ದಟ್ಟವಾದ ಕಡೆ ಅನಾಟಲಾಂಟಾ ನೊಣ ಕಾಣಸಿಗದಂತಾಗಿದೆ. 1960ರ ದಶಕದ ನಡುವಿನಿಂದ ಕರ್ಗೆಲೆನ್ ಒಂದು ಡಿಗ್ರಿಗೂ ಹೆಚ್ಚು ಬೆಚ್ಚಗಾಗಿದೆ, ಮಳೆಯೂ ಕಡಿಮೆಯಾಗಿದೆ. ದುಂಬಿ ಹಬ್ಬಲು ಬೆಚ್ಚನೆಯ ಹವೆಯೊಂದೇ ಕಾರಣವಲ್ಲ. ಸಂಶೋಧಕರ ಸಾಮಾನು ಸರಂಜಾಮು ಹೊತ್ತು ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ಓಡಾಡುವ ದೋಣಿಗಳೂ ಅದನ್ನು ಸಾಗಿಸಿವೆ.

ಇದರ ಬೆನ್ನಿಗೆ 1970ರ ದಶಕದ ಕೊನೆಯಲ್ಲಿ ನೀಲಿ ಬಣ್ಣದ ಮಾಂಸದ ನೊಣ, ಕ್ಯಾಲಿಫೋರಾ ವಿಸಿನಾ, ಕರ್ಗೆಲೆನ್‌ನಲ್ಲಿ ಬೇರೂರಿತು. ಬೇಸಿಗೆ ಬೆಚ್ಚಗಾದದ್ದು ಅದರ ಜೀವನಚಕ್ರ ಪೂರ್ಣವಾಗಲು ನೆರವಾಯಿತೆಂಬುದು ಅಲ್ಲಿ ಕೆಲಸ ಮಾಡಿದವರ ತೀರ್ಮಾನ. ರೆಕ್ಕೆ ಇರುವ ಈ ನೊಣ ಹೆಣದ ವಾಸನೆ ಹಿಡಿದು ಹಾರಿ ಬಂದು ಮೊಟ್ಟೆಯಿಡುವಷ್ಟರಲ್ಲಿ ಸ್ಥಳೀಯ ನೊಣ ಇನ್ನೂ ನಡೆದು ಬರುತ್ತಿರುತ್ತದೆ. ಒಂದೆಡೆ ದುಂಬಿ ತಿನ್ನುತ್ತದೆ, ಇನ್ನೊಂದೆಡೆ ನೊಣ ಊಟ ಕಸಿಯುತ್ತದೆ. ಇಂಥ ಜೋಡಿ ಹೊಡೆತದ ಲೆಕ್ಕವನ್ನು ಡಿಗ್ರಿ-ದಿನದ ಸೂತ್ರ ಹೇಳುವುದಿಲ್ಲ.

ಒಂದೇ ಹೆಣ್ಣು ಸಾಕು

ಸಿಗ್ನಿ ದ್ವೀಪ ಇನ್ನೂ ದಕ್ಷಿಣಕ್ಕೆ, 60 ಡಿಗ್ರಿ ಅಕ್ಷಾಂಶದ ಆಚೆ, ಅಂಟಾರ್ಕ್ಟಿಕಾ ಒಪ್ಪಂದದ ವ್ಯಾಪ್ತಿಯೊಳಗೆ ಇದೆ. 1960ರ ದಶಕದಲ್ಲಿ ಸೌತ್ ಜಾರ್ಜಿಯಾ ದ್ವೀಪದ ಗಿಡಗಳನ್ನು ಮಣ್ಣಿನ ಸಮೇತ ತಂದು ಇಲ್ಲಿ ನೆಟ್ಟು, ಬದುಕುತ್ತವೆಯೇ ಎಂದು ನೋಡುವ ಪ್ರಯೋಗ ನಡೆದಿತ್ತು. ಆ ಮಣ್ಣಿನಲ್ಲಿ ಎರೆಟ್ಮಾಪ್ಟೆರಾ ಮರ್ಫಿ ಎಂಬ ಹಾರಲಾರದ ನುಸಿಯ ಮರಿಗಳು ಬಂದಿದ್ದವೆಂದು ನಂಬಲಾಗಿದೆ. ಈ ಜಾತಿಯಲ್ಲಿ ಗಂಡೇ ಇಲ್ಲ. ಹೆಣ್ಣು ಒಂಟಿಯಾಗಿಯೇ ಮೊಟ್ಟೆಯಿಡುತ್ತದೆ. ಹೊಸ ಊರಿಗೆ ಹೋದ ಕೀಟಕ್ಕೆ ಜೊತೆ ಹುಡುಕುವುದೇ ದೊಡ್ಡ ಅಡಚಣೆಯಾಗಿರುವಾಗ ಇಂಥವಕ್ಕೆ ಅದು ಇಲ್ಲ. ದಕ್ಷಿಣದ ದ್ವೀಪಗಳಿಗೆ ಹಬ್ಬಿದ ಸಸ್ಯಹೇನುಗಳ ಗುಟ್ಟೂ ಇದೇ.

ಸಿಗ್ನಿಯ ಮಣ್ಣಿಗೆ ಎರೆಹುಳು ಇಲ್ಲ. ಸತ್ತ ಪಾಚಿ ಕೊಳೆತು ಸಾರವಾಗುವುದು ತೀರಾ ನಿಧಾನ. ಈ ನುಸಿಯ ಮರಿಗಳು ಲಕ್ಷಗಟ್ಟಲೆ ಸೇರಿ ಪಾಚಿಹಾಸನ್ನು ಮೆಯ್ದು ಪುಡಿ ಮಾಡುತ್ತವೆ. ಅವು ಇರುವ ಜಾಗದ ಮಣ್ಣಿನಲ್ಲಿ ನೈಟ್ರೇಟ್ ಅಂಶ ಮೂರರಿಂದ ಐದು ಪಟ್ಟು ಹೆಚ್ಚಿದೆ. ನಮ್ಮ ಹೊಲವಾಗಿದ್ದರೆ ಗೊಬ್ಬರ ಉಳಿಯಿತೆಂದು ಖುಷಿಪಡುತ್ತಿದ್ದೆವು. ಬಡ ಮಣ್ಣಿಗೇ ಒಗ್ಗಿಕೊಂಡ ಪಾಚಿ, ಕಲ್ಲುಹೂವುಗಳ ಲೋಕದಲ್ಲಿ ಇದು ಕೆಡುಕಿನ ಸೂಚನೆ: ಸಾರ ಹೆಚ್ಚಾದ ಮಣ್ಣು ಮುಂದೆ ಬರುವ ಕಳೆಗಿಡಕ್ಕೆ ಹಾಸಿಕೊಟ್ಟ ಹಾಸಿಗೆ. ಒಂದು ಪರದೇಶಿ ಜೀವಿ ಇನ್ನೊಂದಕ್ಕೆ ದಾರಿ ಮಾಡಿಕೊಡುವುದು ಹೀಗೆ.

ನೆಲವೂ ಹೆಚ್ಚುತ್ತಿದೆ. ಅಂಟಾರ್ಕ್ಟಿಕಾದಲ್ಲಿ ಮಂಜಿಲ್ಲದ ಜಾಗ ತೀರಾ ಕಡಿಮೆ, ಜೀವ ಇರುವುದು ಅಲ್ಲಷ್ಟೇ. ಮಾಲಿನ್ಯ ಈಗಿನಂತೆಯೇ ಏರುತ್ತ ಹೋದರೆ ಶತಮಾನದ ಕೊನೆಗೆ ಇಂಥ ಜಾಗ ಈಗಿರುವುದಕ್ಕಿಂತ 17,000 ಚದರ ಕಿಲೋಮೀಟರಿಗೂ ಮಿಕ್ಕಿ ಹೆಚ್ಚಾಗಬಹುದೆಂದು 2017ರ ಒಂದು ಅಂದಾಜು. ಈಗಿನ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆ ಮೂರನ್ನೂ ಹೆಚ್ಚುಕಡಿಮೆ ಕೂಡಿಸಿದಷ್ಟಿದೆ ಈ ಹರವು. ಈಗ ಹಿಮನದಿಗಳ ನಡುವೆ ಬಿಡಿಬಿಡಿಯಾಗಿರುವ ತುಣುಕುಗಳು ಒಂದಕ್ಕೊಂದು ಕೂಡಿಕೊಂಡರೆ, ಒಂದು ತುಣುಕಿಗೆ ಬಂದ ಹುಳ ನಡೆದೇ ಇನ್ನೊಂದಕ್ಕೆ ಹೋಗಬಲ್ಲದು.

ತಡೆಯುವುದು ಎಲ್ಲಿ, ತಪ್ಪುವುದು ಎಲ್ಲಿ

ಹವೆಯನ್ನು ಒಂದು ಠಾಣೆಯವರು ತಣ್ಣಗಾಗಿಸಲಾರರು. ಅವರ ಕೈಯಲ್ಲಿರುವುದು ಬರುವ ದಾರಿ ಮಾತ್ರ. 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿಯಾಗಿ 1998ರಿಂದ ಜಾರಿಯಲ್ಲಿರುವ ಅಂಟಾರ್ಕ್ಟಿಕಾ ಪರಿಸರ ಒಡಂಬಡಿಕೆ ಹೊರಗಿನ ಜೀವಿಗಳನ್ನು ಅನುಮತಿಯಿಲ್ಲದೆ ತರಬಾರದೆನ್ನುತ್ತದೆ. ಮೈತ್ರಿ, ಭಾರತಿ ಎಂಬ ಎರಡು ಠಾಣೆ ಹೊಂದಿರುವ ಭಾರತವೂ 2022ರ ಅಂಟಾರ್ಕ್ಟಿಕಾ ಕಾಯ್ದೆಯಲ್ಲಿ ಇದನ್ನು ಸೇರಿಸಿದೆ. ನಮ್ಮೆರಡು ಠಾಣೆಗಳೂ ಖಂಡದ ಹೆಚ್ಚು ಚಳಿಯ ಭಾಗದಲ್ಲಿರುವುದರಿಂದ ಅಲ್ಲಿ ಅಪಾಯ ಸದ್ಯಕ್ಕೆ ಕಡಿಮೆ. 2020ರ ಫೆಬ್ರುವರಿಯಲ್ಲಿ 18.3 ಡಿಗ್ರಿ ದಾಖಲಾದ ಅಂಟಾರ್ಕ್ಟಿಕಾ ಪರ್ಯಾಯ ದ್ವೀಪದ ಕಡೆಯೇ ಹೆಚ್ಚು.

ಕೆಲಸ ಶುರುವಾಗುವುದು ಹಡಗು ಹತ್ತುವ ಮೊದಲು. ಜಾಕೆಟ್ಟಿನ ಜೇಬು, ಹೊಲಿಗೆಯ ಸಂದು, ಬ್ಯಾಗಿನ ತಳ, ಮುಖ್ಯವಾಗಿ ವೆಲ್ಕ್ರೋ ಪಟ್ಟಿಗಳನ್ನು ವ್ಯಾಕ್ಯೂಮ್ ಹಿಡಿದು ಎಳೆಯಬೇಕು. 2007–08ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೋದವರ ಬಟ್ಟೆ, ಸಾಮಾನು ಪರೀಕ್ಷಿಸಿದಾಗ ತಲೆಗೆ ಸರಾಸರಿ ಒಂಬತ್ತೂವರೆ ಬೀಜ ಸಿಕ್ಕಿದ್ದವು; ಬೀಜ ಹೋಗುವ ಸಂದಿನಲ್ಲಿ ಕೀಟದ ಮೊಟ್ಟೆಯೂ ಹೋಗುತ್ತದೆ. ಕಟ್ಟಿಗೆಯ ಪೆಟ್ಟಿಗೆಯಾದರೆ ಮರದ ನಡುತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು, ಅದಕ್ಕೆ ಮುದ್ರೆ ಇರುತ್ತದೆ. ಸಾಮಾನು ಕಟ್ಟಲು ಹುಲ್ಲು, ಒಣಮೇವು ಬಳಸುವಂತಿಲ್ಲ. ಕರ್ಗೆಲೆನ್ ಕಲಿಸಿದ ಪಾಠ ಅದು. ಕೋಸು, ಸೊಪ್ಪುಗಳ ಹೊರ ಎಲೆ ಕಿತ್ತು ನೋಡಬೇಕು. ದಡದಲ್ಲಿ ರಾತ್ರಿ ಸರಕು ತುಂಬಿದರೆ ಹಡಗಿನ ದೀಪಕ್ಕೆ ಪತಂಗಗಳು ತಾವಾಗಿಯೇ ಬಂದು ಸೇರುತ್ತವೆ.

ಎಡವುವ ಜಾಗ ಹೆಚ್ಚಾಗಿ ಕಟ್ಟಡದೊಳಗೇ. ಹೊರಗೆ ಎಷ್ಟೇ ಚಳಿ ಇರಲಿ, ಠಾಣೆಯ ಕೊಳಚೆ ಸಂಸ್ಕರಣಾ ತೊಟ್ಟಿ ವರ್ಷವಿಡೀ ಬೆಚ್ಚಗಿರುತ್ತದೆ. ಅಂಟಾರ್ಕ್ಟಿಕಾ ಪರ್ಯಾಯ ದ್ವೀಪದ ಹತ್ತಿರದ ಕಿಂಗ್ ಜಾರ್ಜ್ ದ್ವೀಪದಲ್ಲಿ ಟ್ರೈಕೋಸೆರಾ ಮ್ಯಾಕ್ಯುಲಿಪೆನ್ನಿಸ್ ಎಂಬ ಉದ್ದ ಕಾಲಿನ ನೊಣ 2006ರಲ್ಲಿ ಸಿಕ್ಕಿದ್ದು ಉರುಗ್ವೆ ದೇಶದ ಠಾಣೆಯ ಇಂಥ ತೊಟ್ಟಿಯಲ್ಲಿ. ಆಮೇಲೆ ಬೇರೆ ಠಾಣೆಗಳಲ್ಲೂ ಬಯಲಿನಲ್ಲೂ ಕಂಡುಬಂತು. ಕೊಳಚೆ ತೊಟ್ಟಿಯಲ್ಲಿ ಕಾಯ್ದುಕೊಂಡಿದ್ದು, ಹೊರಗೆ ಒಂದು ಬೆಚ್ಚನೆಯ ಬೇಸಿಗೆ ಬಂದಾಗ ಆಚೆ ಕಾಲಿಡುವ ದಾರಿ ಇದು. ಹಾಗಾಗಿ ತೊಟ್ಟಿಯ ಕೋಣೆಯಲ್ಲೂ ಅಡುಗೆಮನೆಯಲ್ಲೂ ಅಂಟು ಬಲೆ ತೂಗುಹಾಕಿ ನಿಯಮಿತವಾಗಿ ತೆಗೆದು ನೋಡಬೇಕು.

ಬೂಟು ಇನ್ನೊಂದು ದಾರಿ. ಸಿಗ್ನಿಯಲ್ಲಿ ನುಸಿ ಹಬ್ಬಿರುವುದು ಹೆಚ್ಚಾಗಿ ಜನ ನಡೆದಾಡುವ ಹಾದಿಗುಂಟ. ಠಾಣೆಗಳ ಬಾಗಿಲಲ್ಲಿ ಸೋಂಕುನಿವಾರಕ ದ್ರಾವಣದ ತಟ್ಟೆ ಇಟ್ಟು ಅದರಲ್ಲಿ ಬೂಟು ಅದ್ದಿ ಹೋಗುವುದು ರೂಢಿ. ಆ ದ್ರಾವಣ ರೋಗಾಣುವಿಗೆಂದು ಮಾಡಿದ್ದು. ಎರೆಟ್ಮಾಪ್ಟೆರಾ ಮರಿಗಳು ಅದರಲ್ಲಿ ಮುಳುಗಿಯೂ ಬದುಕಿದ್ದನ್ನು ಪರೀಕ್ಷೆಗಳು ತೋರಿಸಿವೆ. ಅವು ಸಮುದ್ರದ ಉಪ್ಪುನೀರನ್ನೂ ತಾಳುತ್ತವೆ. ಆದ್ದರಿಂದ ಅದ್ದುವ ಮೊದಲು ಅಟ್ಟೆಯ ಗೀರುಗಳಲ್ಲಿ ಕಚ್ಚಿಕೊಂಡ ಮಣ್ಣನ್ನು ಮೊಳೆಯಂಥ ಚೂಪು ಸಾಧನದಿಂದ ಕೆದಕಿ, ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಆ ಮಣ್ಣನ್ನು ಅದೇ ಜಾಗದಲ್ಲಿ ಬಿಡಬೇಕು. ಬಿರುಗಾಳಿಯಲ್ಲಿ ದೋಣಿ ಕಾಯುತ್ತಿರುವಾಗ, ಬೆರಳು ಮರಗಟ್ಟಿರುವಾಗ, ಮೊದಲು ಕೈಬಿಡುವ ಕೆಲಸವೂ ಇದೇ.